ಸಾಲುಗಳ ನಡುವಿನ ಸವಾರಿ

ಶಿಗ್ಲಿಯಿಂದ ಲಕ್ಷ್ಮೇಶ್ವರದ ಮಾರ್ಗವಾಗಿ ಹುಬ್ಬಳ್ಳಿಗೆ ಮೋಟಾರು ಸೈಕಲ್ಲಿನ ಮೇಲೆ ಹೋಗುವ ತರುಣನು ಒಂದೇ ಪ್ರಯಾಣದಲ್ಲಿ ಎರಡು ಬಗೆಯ ರಸ್ತೆಗಳನ್ನು ಕಾಣುತ್ತಾನೆ. ಊರ ಹಾದಿಯಲ್ಲಿ ಸಾಲುಗಳೆಂಬುವಿಲ್ಲ. ಮುಂದೆ ಚಕ್ಕಡಿಯಿರಲಿ, ಮೇವು ಹೇರಿದ ಟ್ರ್ಯಾಕ್ಟರಿರಲಿ, ತೆರವು ನೋಡಿ ಮುಂದಾಗುವುದೇ ಅಲ್ಲಿಯ ಜಾಣತನ. ಅದೇ ಜಾಣತನವನ್ನು ಆತನು ಚೆನ್ನಮ್ಮ ವೃತ್ತದ ದಟ್ಟಣೆಗೂ ಒಯ್ದು, ಬಸ್ಸು ಲಾರಿಗಳ ನಡುವಿನ ಸಂದಿಯಲ್ಲಿ ವಾಹನವನ್ನು ನುಗ್ಗಿಸುತ್ತಾನೆ. ಊರ ಹಾದಿಯ ತೆರವು ನಾವು ದಾಟುವ ತನಕ ಉಳಿದಿರುತ್ತದೆ. ಪಟ್ಟಣದ ತೆರವು ನಾವು ಒಳಹೊಕ್ಕ ಮೇಲೆ ಮುಚ್ಚಿಕೊಳ್ಳುತ್ತದೆ. ಅನರ್ಥದ ಮೂಲವು ಇಲ್ಲಿಯೇ ಇದೆ.

ತಾಸಿಗೆ 40 ಕಿಲೋಮೀಟರು ವೇಗದಲ್ಲಿ ಹೋಗುವವನು ಒಂದು ಸೆಕೆಂಡಿನಲ್ಲಿ 11 ಮೀಟರು ಸಾಗುತ್ತಾನೆ. ಅಷ್ಟರಲ್ಲಿ ಬಸ್ಸು ಎಡಕ್ಕೆ ಹೊರಳಬಹುದು. ಮೋಟಾರಿನ ಬಾಗಿಲು ತೆರೆಯಬಹುದು. ಪಕ್ಕಕ್ಕೆ ಬಂದ ಸವಾರನು ಚಾಲಕನ ಕನ್ನಡಿಯಲ್ಲಿ ಎಷ್ಟೋ ವೇಳೆ ಕಾಣುವುದೇ ಇಲ್ಲ. ಕೇಂದ್ರ ಸರಕಾರದ ಸಾರಿಗೆ ಮಂತ್ರಾಲಯದ ವರದಿಯಂತೆ 2022ರಲ್ಲಿ ಭಾರತದ ರಸ್ತೆಗಳ ಮೇಲೆ ಮಡಿದವರು 1,68,491 ಜನ. ಅವರಲ್ಲಿ ದ್ವಿಚಕ್ರ ವಾಹನಗಳವರು 74,897. ಇವರೆಲ್ಲರೂ ಸಂದಿಯಲ್ಲಿ ಸಿಕ್ಕು ಸತ್ತವರೆಂದು ನಾವು ಹೇಳುವುದಿಲ್ಲ. ಆದರೆ ಮೈಯ ಹೊರತು ಬೇರೆ ಕವಚವಿಲ್ಲದವನು ಎಷ್ಟು ಎಚ್ಚರದಿಂದಿರಬೇಕೆಂಬುದಕ್ಕೆ ಈ ಅಂಕಿಗಳೇ ಸಾಕು.

ಹಾಗೆಂದು ತರುಣರನ್ನೇ ಬಯ್ದು ಕೂಡುವುದು ನ್ಯಾಯವಲ್ಲ. ನಿಂತ ವಾಹನಗಳ ಸಾಲಿನಲ್ಲಿ ಬಿಸಿಲಿಗೆ ಬೇಯುತ್ತ, ಹಿಂದಿನಿಂದ ಯಾರು ಬಂದು ಗುದ್ದುವರೋ ಎಂದು ಅಂಜುತ್ತ ನಿಲ್ಲುವುದು ಸುಲಭವಲ್ಲ. ಮನೆಮನೆಗೆ ಸಾಮಾನು ಮುಟ್ಟಿಸಿ ಹೊಟ್ಟೆ ಹೊರೆಯುವವನಿಗಂತೂ ಹೊತ್ತೇ ಕೂಲಿ. ಇದನ್ನರಿತೇ ಅನ್ಯದೇಶದವರು ಮಧ್ಯಮ ಮಾರ್ಗವನ್ನು ಹಿಡಿದಿದ್ದಾರೆ. ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್ ಪ್ರಾಂತವು 2014ರ ಜುಲೈ 1ರಿಂದ ಇಂಥ ಸವಾರಿಗೆ ಸಮ್ಮತಿ ಕೊಟ್ಟಿತು. ಆದರೆ ವೇಗವು 30 ಕಿಲೋಮೀಟರನ್ನು ಮೀರಕೂಡದು, ಶಾಲೆಗಳ ವಲಯದಲ್ಲಿ ಸಲ್ಲದು ಎಂಬ ಕಟ್ಟಳೆಗಳೊಡನೆ. ಕ್ಯಾಲಿಫೋರ್ನಿಯವು 2016ರಲ್ಲಿ ಕಾಯಿದೆ ಮಾಡಿ ಇದಕ್ಕೆ ಒಪ್ಪಿತು. ನಿಂತ ದಟ್ಟಣೆಯಲ್ಲಿ ಮೆಲ್ಲನೆ ನುಸುಳುವುದು ಬೇರೆ, ಓಡುವ ವಾಹನಗಳ ನಡುವೆ ಹಾರುವುದು ಬೇರೆ ಎಂಬ ವಿವೇಕವು ನ್ಯೂ ಸೌತ್ ವೇಲ್ಸಿನ ಕಟ್ಟಳೆಯಲ್ಲಿ ಸ್ಪಷ್ಟವಾಗಿದೆ.

ನಮ್ಮಲ್ಲಿಯೂ 2017ರ ವಾಹನ ಚಾಲನಾ ನಿಯಮಗಳಿವೆ. ಅಪಾಯಕರ ಚಾಲನೆಗೆ ಮೋಟಾರು ಕಾಯಿದೆಯ 184ನೆಯ ಕಲಮಿನಲ್ಲಿ ಶಿಕ್ಷೆಯೂ ಇದೆ. ಆದರೆ ನಿಯಮವು ಪುಸ್ತಕದಲ್ಲಿ, ಸವಾರಿಯು ಸಂದಿಯಲ್ಲಿ ಎಂಬಂತಾಗಿದೆ. ಎಲ್ಲರೂ ಮಾಡುವುದನ್ನು ಕಂಡೂ ಕಾಣದಂತಿದ್ದು, ಅಪಘಾತವಾದ ಮೇಲೆ ಸತ್ತವನನ್ನು ದೂರುವ ಪದ್ಧತಿಯು ಸರಕಾರಕ್ಕೆ ಭೂಷಣವಲ್ಲ. ಎಷ್ಟು ವೇಗದವರೆಗೆ ಸಲ್ಲುವುದು, ಎಲ್ಲಿ ಸಲ್ಲದು ಎಂಬುದನ್ನು ಅಧಿಕಾರಿಗಳು ನಿಶ್ಚಯಿಸಿ ಸಾರಲಿ. ರಸ್ತೆಯ ಮೇಲೆ ಅಳಿಸಿಹೋದ ಗೆರೆಗಳನ್ನು ಮೊದಲು ಬಳಿಯಲಿ. ಆಮೇಲೆ ದಂಡ ಹಾಕಲಿ.

ಅಲ್ಲಿಯ ತನಕ ನಮ್ಮ ತರುಣರಿಗೆ ನಾವು ಹೇಳುವುದಿಷ್ಟೇ: ಮುಂದಿನ ಸಾಲು ಚಲಿಸತೊಡಗಿದೊಡನೆ ಸಂದಿಯನ್ನು ಬಿಟ್ಟು ಸಾಲಿನೊಳಗೆ ಸೇರಿರಿ. ಚಲಿಸುವ ಬಸ್ಸಿನ ಎಡಬದಿಗೆ ಎಂದೂ ನುಗ್ಗಬೇಡಿರಿ. ಊರಲ್ಲಿ ನಿಮ್ಮ ಹಾದಿ ಕಾಯುವವರು ಹತ್ತು ನಿಮಿಷದ ತಡವನ್ನು ಸಂತೋಷದಿಂದ ಸಹಿಸುತ್ತಾರೆ.