ಕತ್ತಲಾದರೆ ಕಣ್ಣು ಮುಚ್ಚುವ ಕ್ಯಾಮೆರಾ

ಒಂದು ಶಾಲೆಯನ್ನು ಕಲ್ಪಿಸಿಕೊಳ್ಳಿ. ಗೇಟಿನ ಹತ್ತಿರ ಹೊಸ ಸಿಸಿಟಿವಿ ಕ್ಯಾಮೆರಾ ಹಾಕಿದ್ದಾರೆ. ಹಗಲಿಡೀ ಚೆನ್ನಾಗಿ ಕೆಲಸ ಮಾಡ್ತದೆ. ಕತ್ತಲಾಗುತ್ತಿದ್ದಂತೆ ಚಿತ್ರ ಮಾಯ! ಒಂದು ನಿಮಿಷ ಬರ್ತದೆ, ಮತ್ತೆ ಹೋಗ್ತದೆ. ಕ್ಯಾಮೆರಾ ಬದಲಾಯಿಸಿದರು, ಅಡಾಪ್ಟರ್ ಬದಲಾಯಿಸಿದರು. ಊಹೂಂ, ಅದೇ ಕಥೆ. ಕೊನೆಗೆ ತರಬೇತಿ ಪಡೆದ ಒಬ್ಬ ತಂತ್ರಜ್ಞೆ ಬಂದು ಏಣಿ ಹತ್ತಿ, ಕ್ಯಾಮೆರಾದ ತುದಿಯಲ್ಲಿ ವೋಲ್ಟೇಜನ್ನು ಎರಡು ಸಲ ಅಳೆದಳು. ಹಗಲಲ್ಲಿ ಒಮ್ಮೆ, ಕತ್ತಲಾದ ಮೇಲೆ ಒಮ್ಮೆ. "ಕ್ಯಾಮೆರಾ ಸರಿಯಾಗೇ ಇದೆ. ತೊಂದರೆ ಇರೋದು ತಂತಿಯಲ್ಲಿ" ಅಂದಳು.

ಅವಳಿಗೆ ಹೇಗೆ ಗೊತ್ತಾಯಿತು? ಹತ್ತನೇ ತರಗತಿಯ ಓಮ್ ನಿಯಮ ಗೊತ್ತಿದ್ದರೆ ನೀವೂ ಹೇಳಬಹುದು.

ಲೆಕ್ಕ ಮಾಡೋಣ

ಕತ್ತಲಲ್ಲಿ ನೋಡಲು ಕ್ಯಾಮೆರಾದೊಳಗಿನ ಅವಕೆಂಪು ಎಲ್‌ಇಡಿಗಳು ಉರಿಯುತ್ತವೆ. ಹಾಗಾಗಿ ರಾತ್ರಿ ಅದಕ್ಕೆ ಹೆಚ್ಚು ವಿದ್ಯುತ್ ಪ್ರವಾಹ ಬೇಕು. ಹಗಲಲ್ಲಿ 0.2 ಆಂಪಿಯರ್, ರಾತ್ರಿ 0.5 ಆಂಪಿಯರ್ ಎಂದಿಟ್ಟುಕೊಳ್ಳಿ. ಅಡಾಪ್ಟರ್ ಕೊಡುವುದು 12 ವೋಲ್ಟ್. ಅಲ್ಲಿಂದ ಕ್ಯಾಮೆರಾಕ್ಕೆ 45 ಮೀಟರ್ ದೂರ. ಪ್ರವಾಹ ಹೋಗಿ ಹಿಂತಿರುಗಬೇಕಲ್ವಾ? ಆದ್ದರಿಂದ ತಂತಿಯ ಉದ್ದ 90 ಮೀಟರ್.

1 ಚದರ ಮಿಲಿಮೀಟರ್ ದಪ್ಪದ ತಾಮ್ರದ ತಂತಿಗೆ ಮೀಟರಿಗೆ ಸುಮಾರು 0.0172 ಓಮ್ ರೋಧವಿರುತ್ತದೆ. ಇಲ್ಲಿ ಹಾಕಿದ್ದು ತೆಳ್ಳಗಿನ 0.25 ಚದರ ಮಿಲಿಮೀಟರ್ ತಂತಿ. ಅಂದರೆ ರೋಧ ನಾಲ್ಕು ಪಟ್ಟು. 90 ಮೀಟರಿಗೆ ಒಟ್ಟು ಸುಮಾರು 6.2 ಓಮ್.

ಹಗಲಲ್ಲಿ ತಂತಿಯಲ್ಲೇ ಕಳೆದುಹೋಗುವುದು 0.2 × 6.2 = 1.24 ವೋಲ್ಟ್. ಕ್ಯಾಮೆರಾಕ್ಕೆ 10.8 ವೋಲ್ಟಿನಷ್ಟು ಸಿಗುತ್ತದೆ, ಹೇಗೋ ನಡೀತದೆ. ರಾತ್ರಿ ಕಳೆದುಹೋಗುವುದು 0.5 × 6.2 = 3.1 ವೋಲ್ಟ್. ಉಳಿಯುವುದು 8.9 ಮಾತ್ರ. ಕ್ಯಾಮೆರಾ ಆರಿಹೋಗುತ್ತದೆ. ಎಲ್‌ಇಡಿ ಆರಿದೊಡನೆ ವೋಲ್ಟೇಜ್ ಏರುತ್ತದೆ, ಕ್ಯಾಮೆರಾ ಮತ್ತೆ ಎದ್ದು ಕೂರುತ್ತದೆ, ಎಲ್‌ಇಡಿ ಹೊತ್ತಿಸುತ್ತದೆ, ಮತ್ತೆ ಬೀಳುತ್ತದೆ!

ಪರಿಹಾರ? ದಪ್ಪ ತಂತಿ ಹಾಕಬಹುದು. ಇಲ್ಲವೇ ಹೆಚ್ಚಿನ ವೋಲ್ಟೇಜಿನಲ್ಲಿ ಕಳಿಸಬಹುದು. ಕ್ಯಾಮೆರಾಕ್ಕೆ ಬೇಕಾದ 6 ವಾಟನ್ನು 48 ವೋಲ್ಟಿನಲ್ಲಿ ಕಳಿಸಿದರೆ 0.125 ಆಂಪಿಯರ್ ಸಾಕು. ಅದೇ ತಂತಿಯಲ್ಲಿ ನಷ್ಟವಾಗುವುದು 0.8 ವೋಲ್ಟಿಗಿಂತ ಕಡಿಮೆ. ನೆಟ್‌ವರ್ಕ್ ಕೇಬಲಿನಲ್ಲೇ ಮಾಹಿತಿಯ ಜೊತೆ ವಿದ್ಯುತ್ತನ್ನೂ ಕಳಿಸುವ 'ಪವರ್ ಓವರ್ ಈಥರ್‌ನೆಟ್' ವ್ಯವಸ್ಥೆಯಲ್ಲಿ 48 ವೋಲ್ಟಿನ ಆಸುಪಾಸಿನ ವೋಲ್ಟೇಜ್ ಬಳಸುವುದರ ಒಂದು ಲಾಭ ಇದೇ.

ಈ ಕೆಲಸ ಕಲಿಯುವುದು ಎಲ್ಲಿ?

ಕ್ಯಾಮೆರಾ, ಬೆಂಕಿ ಎಚ್ಚರಿಕೆ ಗಂಟೆ, ಇಂಟರ್‌ನೆಟ್ ಕೇಬಲ್, ಬೆರಳಚ್ಚು ಹಾಜರಿ ಯಂತ್ರ, ಧ್ವನಿವರ್ಧಕ ಇವೆಲ್ಲ ಕಡಿಮೆ ವೋಲ್ಟೇಜಿನ ಉಪಕರಣಗಳು. ಇವನ್ನು ಅಳವಡಿಸುವ ತಂತ್ರಜ್ಞರಿಗೆ ಹಳ್ಳಿಯಲ್ಲೂ ಪೇಟೆಯಲ್ಲೂ ಕೆಲಸ ಇದೆ. ಗಣಿತ, ವಿಜ್ಞಾನ ಓದಿ ಹತ್ತನೇ ತರಗತಿ ಪಾಸಾದವರು ಐಟಿಐಯಲ್ಲಿ 'ಎಲೆಕ್ಟ್ರಾನಿಕ್ಸ್ ಮೆಕ್ಯಾನಿಕ್' ವೃತ್ತಿಗೆ ಸೇರಬಹುದು. ಅದು 2 ವರ್ಷದ ಕೋರ್ಸ್. ಕೊನೆಗೆ ಸಿಗುವ ರಾಷ್ಟ್ರೀಯ ವೃತ್ತಿ ಪ್ರಮಾಣಪತ್ರಕ್ಕೆ ದೇಶದ ಎಲ್ಲ ರಾಜ್ಯಗಳಲ್ಲಿ ಮಾನ್ಯತೆ ಇದೆ. ಗಡಿಯ ಆಚೆ ಈಚೆ ಓಡಾಡುವ ನಮಗೆ ಇದು ಸಣ್ಣ ವಿಷಯವಲ್ಲ. ಆಮೇಲೆ 1961ರ ಅಪ್ರೆಂಟಿಸ್ ಕಾಯ್ದೆಯಡಿ ಭತ್ಯೆ ಪಡೆಯುತ್ತಾ ಕಂಪನಿಗಳಲ್ಲಿ ಕೆಲಸ ಕಲಿಯಬಹುದು. ಕಾಸರಗೋಡು, ಹೊಸೂರು, ಸೊಲ್ಲಾಪುರಗಳಲ್ಲಿ ಸರ್ಕಾರಿ ಐಟಿಐಗಳಿವೆ. ಯಾವ ವೃತ್ತಿಗಳು ಇವೆ, ಅರ್ಜಿ ಯಾವಾಗ ಅಂತ ನಿಮ್ಮ ಶಿಕ್ಷಕರೊಡನೆ ಹೋಗಿ ವಿಚಾರಿಸಿ.

"ನಾನು ಕನ್ನಡ ಮಾಧ್ಯಮ, ಅಲ್ಲಿ ಪಾಠ ಬೇರೆ ಭಾಷೆಯಲ್ಲಿ, ನನ್ನಿಂದ ಆಗ್ತದಾ?" ಈ ಹೆದರಿಕೆ ನಿಮ್ಮಲ್ಲಿ ಹಲವರಿಗಿದೆ. ಮೊದಲ ಕೆಲವು ತಿಂಗಳು ಕಷ್ಟವಾಗುವುದು ನಿಜ. ಆದರೆ ಮೇಲಿನ ಲೆಕ್ಕವನ್ನು ನೀವು ಕನ್ನಡದಲ್ಲೇ ಅರ್ಥ ಮಾಡಿಕೊಂಡಿರಿ, ಅಲ್ವಾ? 'ರೋಧ' ಅಂದರೇನು ಅಂತ ಗೊತ್ತಿದ್ದವರಿಗೆ 'ರೆಸಿಸ್ಟೆನ್ಸ್' ಎನ್ನುವುದು ಇನ್ನೊಂದು ಹೆಸರು, ಅಷ್ಟೇ. ಒಂದು ನೋಟ್‌ಬುಕ್ಕಿನಲ್ಲಿ ಮೂರು ಕಂಬ ಸಾಲು ಎಳೆಯಿರಿ: ಕನ್ನಡ ಪದ, ಇಂಗ್ಲಿಷ್ ಪದ, ನಿಮ್ಮ ರಾಜ್ಯದ ಭಾಷೆಯ ಪದ. ದಿನಕ್ಕೆ ಮೂರು ಪದ ಬರೆದರೂ ಒಂದು ವರ್ಷದಲ್ಲಿ ಸಾವಿರ ದಾಟುತ್ತದೆ.

ಹುಷಾರು!

12 ವೋಲ್ಟ್ ಸಾಮಾನ್ಯವಾಗಿ ಶಾಕ್ ಹೊಡೆಯುವುದಿಲ್ಲ ನಿಜ. ಆದರೆ ಅಡಾಪ್ಟರಿಗೆ ಬರುವುದು 230 ವೋಲ್ಟ್, ಅದು ಜೀವ ತೆಗೆಯಬಲ್ಲದು. 12 ವೋಲ್ಟಿನ ಬ್ಯಾಟರಿಯ ಎರಡು ತುದಿ ಒಂದಕ್ಕೊಂದು ತಾಗಿದರೂ ತಂತಿ ಕೆಂಪಾಗಿ ಬೆಂಕಿ ಹತ್ತಬಹುದು. ಏಣಿಯಿಂದ ಬೀಳುವ ಅಪಾಯವಂತೂ ಇದ್ದೇ ಇದೆ. ಇನ್ನೊಂದು ಮಾತು: ಕ್ಯಾಮೆರಾ ಹಾಕುವವರನ್ನು ಜನ ಮನೆಯೊಳಗೆ ಬಿಟ್ಟುಕೊಳ್ಳುತ್ತಾರೆ. ಪಕ್ಕದ ಮನೆಯ ಕಿಟಕಿಯತ್ತ ಕ್ಯಾಮೆರಾ ತಿರುಗಿಸದಿರುವುದು, ಕಂಪನಿ ಕೊಟ್ಟ ಪಾಸ್‌ವರ್ಡನ್ನು ಮನೆಯವರ ಕೈಯಲ್ಲೇ ಬದಲಾಯಿಸಿಸುವುದು ಕೂಡ ಈ ವಿದ್ಯೆಯ ಭಾಗ.

ಮಾಡಿ ನೋಡಿ

ಯಾವುದಕ್ಕೂ ಜೋಡಿಸದ, ಎಸೆದ ನೆಟ್‌ವರ್ಕ್ ಕೇಬಲಿನ ತುಂಡೊಂದನ್ನು ತನ್ನಿ. ಶಿಕ್ಷಕರ ಎದುರಲ್ಲಿ ಹೊರಕವಚ ಬಿಡಿಸಿ. ಎಂಟು ತಂತಿಗಳು ನಾಲ್ಕು ಜೋಡಿಯಾಗಿ ಹೆಣೆದುಕೊಂಡಿರುತ್ತವೆ. ಪ್ರತಿ ಜೋಡಿಯಲ್ಲೂ 10 ಸೆಂಟಿಮೀಟರಿನಲ್ಲಿ ಎಷ್ಟು ತಿರುವುಗಳಿವೆ ಎಣಿಸಿ ಬರೆಯಿರಿ. ಎಲ್ಲ ಜೋಡಿಗಳಲ್ಲಿ ಒಂದೇ ಸಂಖ್ಯೆ ಬರುವುದಿಲ್ಲ! ಒಂದು ಜೋಡಿಯ ಸಂಕೇತ ಇನ್ನೊಂದಕ್ಕೆ ಸೋರದಿರಲಿ ಎಂದೇ ಹೀಗೆ ಬೇರೆ ಬೇರೆಯಾಗಿ ತಿರುಚಿರುತ್ತಾರೆ. ಆಮೇಲೆ ಒಂದು ತಂತಿಯನ್ನು ಬ್ಲೇಡಿನಿಂದ ಮೆಲ್ಲಗೆ ಕೆರೆದು ನೋಡಿ. ಒಳಗೂ ಕೆಂಪಾಗಿದ್ದರೆ ತಾಮ್ರ. ಬೆಳ್ಳಗೆ ಕಂಡರೆ ತಾಮ್ರ ಲೇಪಿಸಿದ ಅಲ್ಯುಮಿನಿಯಂ ಇರಬಹುದು. ಅದರ ರೋಧ ತಾಮ್ರಕ್ಕಿಂತ ಹೆಚ್ಚು. ಹಾಗಾದರೆ ನಮ್ಮ ಗೇಟಿನ ಕ್ಯಾಮೆರಾಕ್ಕೆ ಅಂಥ ತಂತಿ ಹಾಕಿದ್ದರೆ ರಾತ್ರಿ ಏನಾಗುತ್ತಿತ್ತು? ಉತ್ತರ ನೀವೇ ಹೇಳಿ.