ಮುಂಬದಿ ಎತ್ತಿದರೆ ಮುಗಿಯದು: ಪಿಕಪ್ ಟ್ರಕ್ಕಿನ ಸಮಮಟ್ಟ ಮತ್ತು ಟ್ರೈಲರಿನ ಭಾರ

1977ರಿಂದ ಈಚೆಗೆ ಅಮೆರಿಕದಲ್ಲಿ ಅತಿ ಹೆಚ್ಚು ಮಾರಾಟವಾಗುವ ಟ್ರಕ್ ಎಂಬ ಸ್ಥಾನವನ್ನು ಬಿಟ್ಟುಕೊಡದ ಫೋರ್ಡ್ ಎಫ್-ಸರಣಿಯೂ ಅದರ ಪ್ರತಿಸ್ಪರ್ಧಿಗಳಾದ ಷೆವ್ರೊಲೆ ಸಿಲ್ವರಾಡೊ, ರ‍್ಯಾಮ್ ಮೊದಲಾದ ಪಿಕಪ್‌ಗಳೂ ವಾರವೆಲ್ಲ ಮನೆಯ ಕಾರಿನ ಕೆಲಸ ಮಾಡಿ, ರಜೆ ಬಂದೊಡನೆ ದೋಣಿಯನ್ನೋ ಕುದುರೆಗಳನ್ನೋ ವಾಸದ ಟ್ರೈಲರನ್ನೋ ಎಳೆಯಲು ಸಜ್ಜಾಗುತ್ತವೆ. ಖಾಲಿ ನಿಂತಾಗ ಇವುಗಳ ಹಿಂಬದಿ ಸಾಮಾನ್ಯವಾಗಿ ಮುಂಬದಿಗಿಂತ ಒಂದೆರಡು ಅಂಗುಲ ಎತ್ತರದಲ್ಲಿರುತ್ತದೆ. ‘ರೇಕ್’ ಎನಿಸಿಕೊಳ್ಳುವ ಈ ವಾಲಿಕೆ ವಿನ್ಯಾಸದ ದೋಷವಲ್ಲ. ತೊಟ್ಟಿಯಲ್ಲಿ ಸರಕು ತುಂಬಿದಾಗ, ಟ್ರೈಲರ್ ಕೊಂಡಿ ಬಿದ್ದಾಗ ಹಿಂಬದಿ ಕುಸಿಯಲೆಂದೇ ತಯಾರಕರು ಮೊದಲೇ ಕಾದಿರಿಸಿದ ಅವಕಾಶ ಅದು.

ಆದರೆ ಖಾಲಿ ಟ್ರಕ್ಕು ಮಟ್ಟಸವಾಗಿ ಕಾಣಬೇಕು, ಮುಂದೆ ದೊಡ್ಡ ಟೈರ್ ಹಿಡಿಸಬೇಕು ಎಂಬ ಬಯಕೆಯಿಂದ ಅನೇಕರು ‘ಲೆವೆಲಿಂಗ್ ಕಿಟ್’ ಹಾಕಿಸುತ್ತಾರೆ. ಮುಂದಿನ ಸ್ಟ್ರಟ್‌ನ ನೆತ್ತಿಗೆ, ಅಂದರೆ ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಒಂದಾಗಿರುವ ಕಂಬದ ಮೇಲ್ತುದಿಗೆ, ಲೋಹದ ಬಿಲ್ಲೆಯೊಂದನ್ನು ಸೇರಿಸುವುದು ಇದರ ಸರಳ ರೂಪ. ಸ್ಟ್ರಟ್ ಚಕ್ರಕ್ಕಿಂತ ಒಳಗೆ ಕುಳಿತಿರುವುದರಿಂದ ಬಿಲ್ಲೆಯ ದಪ್ಪಕ್ಕಿಂತ ಹೆಚ್ಚಾಗಿ ಮುಂಬದಿ ಮೇಲೇರುತ್ತದೆ. ಜೊತೆಗೆ ಬಾಲ್ ಜಾಯಿಂಟ್‌ಗಳ ಮತ್ತು ಮುಂಚಕ್ರಗಳಿಗೆ ಶಕ್ತಿ ಒಯ್ಯುವ ದಂಡಗಳ ಕೋನವೂ ಕಡಿದಾಗುತ್ತದೆ. ಆದ್ದರಿಂದ ಎರಡು ಅಂಗುಲದೊಳಗೆ ನಿಲ್ಲುವುದೂ, ಕೆಲಸ ಮುಗಿದ ಕೂಡಲೇ ಚಕ್ರಗಳ ಅಲೈನ್‌ಮೆಂಟ್ ಮಾಡಿಸುವುದೂ ವಿವೇಕ. ಹಿಂಬದಿಯನ್ನು ತಗ್ಗಿಸಿ ಸಮಮಾಡುವ ದಾರಿಯಂತೂ ಟ್ರೈಲರ್ ಎಳೆಯುವವರಿಗೆ ಸಲ್ಲದು.

ನಿಜವಾದ ತೊಡಕು ಇರುವುದು ಹಿಂಬದಿಯಲ್ಲಿ. ಬಹುತೇಕ ಪಿಕಪ್‌ಗಳಲ್ಲಿ ಹಿಂದಿನ ಆಕ್ಸಲ್ ಲಾರಿಗಳಲ್ಲಿರುವಂಥ ಪಟ್ಟಿ ಸ್ಪ್ರಿಂಗ್‌ಗಳ ಮೇಲೆ ಕುಳಿತಿರುತ್ತದೆ (ಬಿಡದಿಯ ಕಾರ್ಖಾನೆಯಿಂದ ಹೊರಬರುವ ಟೊಯೊಟಾ ಹೈಲಕ್ಸ್‌ನಲ್ಲೂ ಇದೇ ವ್ಯವಸ್ಥೆ). ಟ್ರೈಲರಿನ ಒಟ್ಟು ತೂಕದ ಶೇ 10ರಿಂದ 15ರಷ್ಟು ಭಾರ ಟ್ರಕ್ಕಿನ ಹಿಂದಿನ ಕೊಂಡಿಯ ಗುಂಡಿನ ಮೇಲೆ ನೇರವಾಗಿ ಕೂರಬೇಕು. ಇದಕ್ಕಿಂತ ಕಡಿಮೆಯಾದರೆ ವೇಗದಲ್ಲಿ ಟ್ರೈಲರ್ ಎಡಬಲಕ್ಕೆ ಓಲಾಡತೊಡಗುತ್ತದೆ. ಈ ಭಾರ ಬೀಳುವ ಜಾಗ ಹಿಂದಿನ ಆಕ್ಸಲ್‌ನ ಮೇಲಲ್ಲ, ಅದಕ್ಕೂ ಹಿಂದೆ ಎಂಬುದನ್ನು ಗಮನಿಸಬೇಕು. ಏತದ ಒಂದು ತುದಿ ತುಳಿದರೆ ಇನ್ನೊಂದು ತುದಿ ಮೇಲೇಳುವ ಹಾಗೆ, ಹಿಂದಿನ ಆಕ್ಸಲ್ ಊರೆಯಾಗಿ ಮುಂಬದಿ ಹಗುರವಾಗುತ್ತದೆ. 2,500 ಕಿಲೊ ತೂಕದ ಟ್ರೈಲರಿನಿಂದ ಕೊಂಡಿಯ ಮೇಲೆ 300 ಕಿಲೊ ಬೀಳುತ್ತದೆ, ಎರಡು ಆಕ್ಸಲ್‌ಗಳ ನಡುವಿನ ಅಂತರ 145 ಅಂಗುಲ, ಹಿಂದಿನ ಆಕ್ಸಲ್‌ನಿಂದ ಕೊಂಡಿಗೆ 58 ಅಂಗುಲ ಎಂದಿಟ್ಟುಕೊಂಡರೆ, ಮುಂಚಕ್ರಗಳು 120 ಕಿಲೊ ಭಾರವನ್ನು ಕಳೆದುಕೊಳ್ಳುತ್ತವೆ, ಹಿಂಚಕ್ರಗಳ ಮೇಲೆ 300ರ ಬದಲು 420 ಕಿಲೊ ಏರುತ್ತದೆ. ತಿರುವುಗಳಲ್ಲಿ ಸ್ಟಿಯರಿಂಗ್ ಸಡಿಲವೆನಿಸುವುದಕ್ಕೂ, ಮುಂದಿನ ಬ್ರೇಕಿನ ಹಿಡಿತ ಕುಗ್ಗುವುದಕ್ಕೂ, ರಾತ್ರಿ ದೀಪದ ಬೆಳಕು ಎದುರು ಬರುವವರ ಕಣ್ಣಿಗೆ ಹೊಡೆಯುವುದಕ್ಕೂ ಕಾರಣ ಇದೇ. ಲೆವೆಲಿಂಗ್ ಕಿಟ್ ಹಾಕಿಸಿದ ಟ್ರಕ್ಕಿನಲ್ಲಿ ಕಾದಿರಿಸಿದ ವಾಲಿಕೆಯೇ ಉಳಿದಿರುವುದಿಲ್ಲವಾದ್ದರಿಂದ ಅದೇ ಭಾರಕ್ಕೆ ಮೂತಿ ಇನ್ನಷ್ಟು ಆಕಾಶ ನೋಡುತ್ತದೆ.

ಪರಿಹಾರವಾಗಿ ಪಟ್ಟಿ ಕಟ್ಟಿಗೆ ಇನ್ನೊಂದು ಪಟ್ಟಿ ಸೇರಿಸಬಹುದು. ಆದರೆ ಅದು ಖಾಲಿ ಓಡಾಟದ ದಿನಗಳಲ್ಲೂ ಗಡುಸಾಗಿಯೇ ಇರುತ್ತದೆ. ಆಕ್ಸಲ್ ಮತ್ತು ಚೌಕಟ್ಟಿನ ನಡುವೆ ಕೂರಿಸುವ ರಬ್ಬರಿನ ಗಾಳಿಚೀಲಗಳು ಇದಕ್ಕಿಂತ ಮೇಲು, ಏಕೆಂದರೆ ಭಾರಕ್ಕೆ ತಕ್ಕಂತೆ ಗಾಳಿ ತುಂಬಿ, ಇಳಿಸಿದ ಮೇಲೆ ತಯಾರಕರು ಹೇಳಿದ ಕನಿಷ್ಠ ಒತ್ತಡಕ್ಕೆ ತರಬಹುದು. ಆದರೂ ಗಾಳಿಚೀಲ ಎತ್ತರವನ್ನಷ್ಟೇ ಮರಳಿಸುತ್ತದೆ, ಮುಂಚಕ್ರಗಳು ಕಳೆದುಕೊಂಡ ಭಾರವನ್ನಲ್ಲ. ಮೇಲಿನ ಲೆಕ್ಕದ ಟ್ರಕ್ಕನ್ನು ಗಾಳಿಯಿಂದ ಕಣ್ಣಿಗೆ ಒಪ್ಪುವಷ್ಟು ಸಮಮಾಡಿದರೂ ಆ 120 ಕಿಲೊ ಮುಂದಕ್ಕೆ ಹಿಂತಿರುಗುವುದಿಲ್ಲ. ಅದನ್ನು ಹಿಂತಿರುಗಿಸಬಲ್ಲದ್ದು ‘ವೆಯ್ಟ್ ಡಿಸ್ಟ್ರಿಬ್ಯೂಷನ್ ಹಿಚ್’, ಅಂದರೆ ಕೊಂಡಿಯಿಂದ ಟ್ರೈಲರಿನ ಚೌಕಟ್ಟಿಗೆ ಬಿಗಿಯುವ ಎರಡು ಉಕ್ಕಿನ ಸ್ಪ್ರಿಂಗ್ ಸರಳುಗಳ ಸಾಧನ. ಸರಳುಗಳ ಎಳೆತ ಹಿಂದಿನ ಆಕ್ಸಲ್‌ನ ಹೆಚ್ಚುವರಿ ಭಾರದಲ್ಲಿ ಒಂದು ಪಾಲನ್ನು ಮುಂದಕ್ಕೂ ಇನ್ನೊಂದು ಪಾಲನ್ನು ಟ್ರೈಲರಿನ ಚಕ್ರಗಳಿಗೂ ದಾಟಿಸುತ್ತದೆ.

ಎರಡನ್ನೂ ಬಳಸುವವರು ಅನುಕ್ರಮ ಮರೆಯಬಾರದು. ಟ್ರೈಲರ್ ಇಲ್ಲದಾಗ ಮುಂಚಕ್ರದ ಮೇಲಿನ ಫೆಂಡರ್ ಅಂಚು ನೆಲದಿಂದ ಎಷ್ಟು ಎತ್ತರವಿದೆ ಎಂದು ಅಳೆದಿಟ್ಟುಕೊಂಡು, ಟ್ರೈಲರ್ ಹೂಡಿ, ಚೀಲಗಳಿಗೆ ಮಿತವಾಗಿ ಗಾಳಿ ತುಂಬಿ, ಆಮೇಲೆ ಸರಳುಗಳನ್ನು ಬಿಗಿದು, ಆ ಅಳತೆ ಟ್ರಕ್ಕಿನ ಕೈಪಿಡಿ ಹೇಳುವಷ್ಟರ ಮಟ್ಟಿಗೆ ಮರಳಿತೇ ಎಂದು ನೋಡಬೇಕು. ಸರಳು ಬಿಗಿದ ಮೇಲೆ ಗಾಳಿ ಹೆಚ್ಚಿಸಿದರೆ ಹಿಂಬದಿ ಮೇಲೆದ್ದು ಸರಳುಗಳ ಬಿಗಿ ಸಡಿಲಾಗುತ್ತದೆ, ಮುಂಬದಿ ಮತ್ತೆ ಹಗುರವಾಗುತ್ತದೆ.

ಚೀಲವಾಗಲಿ ಪಟ್ಟಿಯಾಗಲಿ ಟ್ರಕ್ಕಿನ ಹೊರುವ ಮಿತಿಯನ್ನು ಹೆಚ್ಚಿಸುವುದಿಲ್ಲ, ಏಕೆಂದರೆ ಆಕ್ಸಲ್, ಬ್ರೇಕು, ಟೈರು, ಚೌಕಟ್ಟು ಎಲ್ಲವೂ ಹಳೆಯವೇ. ಚಾಲಕನ ಬಾಗಿಲಿನ ಕಂಬದ ಮೇಲಿನ ಚೀಟಿಯಲ್ಲಿ ಮುದ್ರಿಸಿದ ಸಂಖ್ಯೆಯೇ ಕೊನೆಯ ಮಾತು; ಕೊಂಡಿಯ ಭಾರ, ಪ್ರಯಾಣಿಕರು, ಸಾಮಾನು, ಹಿಚ್‌ನ ಸ್ವಂತ ತೂಕ ಎಲ್ಲವೂ ಅದರೊಳಗೆ ಹಿಡಿಸಬೇಕು. ಆದುದರಿಂದ ಯಾವ ಕಿಟ್ ಕೊಳ್ಳುವುದಕ್ಕೂ ಮೊದಲು, ಪ್ರಯಾಣಕ್ಕೆ ಹೊರಡುವಂತೆಯೇ ತುಂಬಿದ ಟ್ರಕ್ಕನ್ನು ಟ್ರೈಲರಿನೊಂದಿಗೆ ಒಮ್ಮೆ, ಇಲ್ಲದೆ ಒಮ್ಮೆ ತೂಕದ ಸೇತುವೆಯ ಮೇಲೆ ನಿಲ್ಲಿಸಿ, ಪ್ರತಿ ಆಕ್ಸಲ್‌ನ ಭಾರವನ್ನು ಬೇರೆಬೇರೆಯಾಗಿ ಬರೆದುಕೊಳ್ಳಬೇಕು.