ಕ್ರೀಡಾಂಗಣದಲ್ಲಿ ಪ್ರೇಕ್ಷಕನ ಪಾತ್ರ

ಪಂದ್ಯದ ಸೋಲು-ಗೆಲುವಿನ ಹೊಣೆ ಅಂಕಣದೊಳಗೆ ಇರುವವರದು ಮಾತ್ರ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಗೆರೆಯ ಆಚೆ ನಿಂತವನು ಕೂಗಬಹುದು, ಕುಣಿಯಬಹುದು, ಎದುರಾಳಿಯನ್ನು ಹೀಯಾಳಿಸಬಹುದು. ಅದರಿಂದ ಆಟಕ್ಕೇನು ಬಾಧೆ ಎಂದು ಕೇಳುವವರುಂಟು. ಬಳ್ಳಾರಿ, ಸಿರುಗುಪ್ಪ, ಕುರುಗೋಡುಗಳ ವಿದ್ಯಾರ್ಥಿಗಳು ಅಕ್ಕರೆಯಿಂದ ಆಡುವ ಆಟಗಳನ್ನೇ ತೆಗೆದುಕೊಂಡು ವಿಚಾರಿಸಿದರೆ ಈ ವಾದ ನಿಲ್ಲುವುದಿಲ್ಲ.

ಮೊದಲು ಕಬಡ್ಡಿಯನ್ನು ನೋಡೋಣ. ಇದು ಉಸಿರಿನ ಆಟ. ದಾಳಿಗೆ ಹೋದವನು ಎದುರಾಳಿಯ ಅಂಕಣದಲ್ಲಿ ಇರುವಷ್ಟು ಹೊತ್ತೂ ‘ಕಬಡ್ಡಿ, ಕಬಡ್ಡಿ’ ಎಂದು ಸ್ಪಷ್ಟವಾಗಿ, ಎಡೆಬಿಡದೆ ನುಡಿಯುತ್ತಿರಬೇಕು. ನುಡಿ ಕಡಿದರೆ ಅವನು ಔಟು. ಒಂದು ದಾಳಿಗೆ ಇರುವ ಅವಧಿ 30 ಸೆಕೆಂಡು. ಈ ಅಲ್ಪ ಕಾಲದಲ್ಲಿ ಆಟಗಾರನ ಕೈಕಾಲುಗಳ ಮೇಲೆ ಕಣ್ಣಿಟ್ಟಿರುವ ತೀರ್ಪುಗಾರನು ಅವನ ನುಡಿಯನ್ನು ಕಿವಿಯಿಂದಲೇ ಅಳೆಯಬೇಕು. ಸುತ್ತಲೂ ಹಲಗೆ ಬಡಿಯುತ್ತ, ಕೇಕೆ ಹಾಕುತ್ತ, ಸಿಳ್ಳೆ ಊದುತ್ತ ನೂರಾರು ಜನ ನಿಂತರೆ ಆ ನುಡಿ ಅವನಿಗೆ ಕೇಳಿಸುವುದಾದರೂ ಹೇಗೆ? ನುಡಿ ಕಡಿದವನು ಅಂಕ ಗಳಿಸಿ ಮರಳಬಹುದು. ಉಸಿರು ಬಿಗಿಹಿಡಿದು ನುಡಿದವನು ಔಟೆನಿಸಿಕೊಂಡು ತಲೆ ತಗ್ಗಿಸಬಹುದು. ಆಮೇಲೆ ಗದ್ದಲ ಮಾಡಿದವರೇ ತೀರ್ಪುಗಾರನ ಮೇಲೆ ಪಕ್ಷಪಾತದ ಆರೋಪ ಹೊರಿಸುತ್ತಾರೆ! ನಮ್ಮ ಬಯಲುಗಳಲ್ಲಿ ಮತ್ತೆ ಮತ್ತೆ ಕಾಣಬರುವ ದೃಶ್ಯವಿದು. 2014ರಲ್ಲಿ ಆರಂಭವಾದ ಪ್ರೊ ಕಬಡ್ಡಿ ಲೀಗು ಈ ಆಟಕ್ಕೆ ಹೊಸ ಮರ್ಯಾದೆಯನ್ನು ತಂದುಕೊಟ್ಟಿತು, ಸಂತೋಷ. ಆದರೆ ಅಬ್ಬರವಿಲ್ಲದಿದ್ದರೆ ಪಂದ್ಯಕ್ಕೆ ಕಳೆಯಿಲ್ಲವೆಂಬ ರೂಢಿಯೂ ದೂರದರ್ಶನದ ಪರದೆಯಿಂದಿಳಿದು ನಮ್ಮ ಮೈದಾನಗಳಿಗೆ ಬಂದಿತೆಂದು ಹೇಳದೆ ಇರಲಾಗದು.

ಖೋ ಖೋ ಆಟದ ಸ್ಥಿತಿ ಇನ್ನೂ ನಾಜೂಕು. ಎಂಟು ಮಂದಿ ಸಾಲಾಗಿ ಕುಳಿತಿರುತ್ತಾರೆ, ಒಂಬತ್ತನೆಯವನು ಅಟ್ಟುತ್ತಾನೆ. ಅವನು ಕುಳಿತವನ ಬೆನ್ನು ಮುಟ್ಟುವುದೂ ‘ಖೋ’ ಎನ್ನುವುದೂ ಏಕಕಾಲಕ್ಕೆ ನಡೆಯಬೇಕು; ಅದಕ್ಕೆ ಮುನ್ನ ಕುಳಿತವನು ಏಳಕೂಡದು. ಗುಂಪಿನಲ್ಲಿ ಯಾರೋ ಒಬ್ಬ ಚೇಷ್ಟೆಗೆಂದು ‘ಖೋ’ ಎಂದು ಕೂಗಿದನೆನ್ನಿ. ಕುಳಿತ ಹುಡುಗ ಒಂದು ಕ್ಷಣ ಚಂಚಲನಾಗುತ್ತಾನೆ. ಅಷ್ಟರಲ್ಲಿ ಓಟಗಾರ ಕೈತಪ್ಪಿ ಹೋಗಿರುತ್ತಾನೆ. ವರ್ಷವಿಡೀ ಬೆಳಗಿನ ಜಾವ ಎದ್ದು ಮಾಡಿದ ಅಭ್ಯಾಸಕ್ಕೆ ಆ ಒಂದು ಕೂಗಿನಿಂದ ನೀರೆರಚಿದಂತಾಯಿತು. ಹೀಗೆ ಕಿವಿಯನ್ನು ನಂಬಿ ನಡೆಯುವ ಆಟಗಳಲ್ಲಿ ಪ್ರೇಕ್ಷಕನು, ತಾನು ಬಯಸಲಿ ಬಿಡಲಿ, ಆಟದೊಳಗಿನವನೇ ಆಗಿರುತ್ತಾನೆ.

ಹುರಿದುಂಬಿಸುವುದು ತಪ್ಪೆಂದು ಈ ಮಾತಿನ ಅರ್ಥವಲ್ಲ. ಅಂಕ ಬಿದ್ದ ಮೇಲೆ ಚಪ್ಪಾಳೆ ತಟ್ಟಲಿ, ತಮ್ಮವರ ಹೆಸರು ಹಿಡಿದು ಕೂಗಲಿ. ದಾಳಿ ನಡೆದಿರುವಾಗ ಮಾತ್ರ ಮೌನವಿರಲಿ.

ಗದ್ದಲಕ್ಕಿಂತಲೂ ಹೆಚ್ಚಾಗಿ ನೋಯಿಸುವುದು ಹೀನ ನುಡಿ. ನಮ್ಮದು ಗಡಿಯ ಸೀಮೆ. ಕನ್ನಡ ತೆಲುಗುಗಳೆರಡೂ ಮನೆಮಾತುಗಳು. ಭತ್ತದ ಗದ್ದೆಯಿಂದ ಬಂದ ಹುಡುಗನೂ ನಗರದ ಓಣಿಯ ಹುಡುಗನೂ ಒಂದೇ ಅಂಕಣದಲ್ಲಿ ಎದುರುಬದುರಾಗುತ್ತಾರೆ. ಅಲ್ಲಿ ಊರಿನ ಹೆಸರು, ಆಡುವ ಭಾಷೆ, ಜಾತಿ ಇವುಗಳನ್ನೆತ್ತಿ ಆಡಿದ ಮಾತು ಪಂದ್ಯದೊಂದಿಗೆ ಮುಗಿಯುವುದಿಲ್ಲ. ಹೆಣ್ಣುಮಕ್ಕಳ ಪಂದ್ಯಗಳಲ್ಲಂತೂ ಕೆಲವು ಕಿಡಿಗೇಡಿಗಳ ಸಿಳ್ಳೆಗೆ ತೆರುವ ಬೆಲೆ ಅಪಾರ. ಮಗಳು ಆಡುವುದನ್ನು ನೋಡಲು ಬಂದ ತಂದೆ ಆ ಮಾತುಗಳನ್ನು ಕೇಳಿಸಿಕೊಂಡು ಮನೆಗೆ ಮರಳಿದರೆ ಮರುದಿನ ಆಕೆ ಅಭ್ಯಾಸಕ್ಕೆ ಬರುವುದಿಲ್ಲ. ಆಕೆಯೊಬ್ಬಳು ನಿಂತರೆ ಅದೇ ಊರಿನ ಇನ್ನೂ ನಾಲ್ವರು ಹುಡುಗಿಯರ ದಾರಿ ಮುಚ್ಚಿಹೋಗುತ್ತದೆ. ಇದಕ್ಕೆ ಯಾವ ತೀರ್ಪುಗಾರನೂ ದಂಡ ವಿಧಿಸಲಾರ. ವಿಧಿಸಬೇಕಾದವರು ಪಕ್ಕದಲ್ಲಿ ನಿಂತ ಸಹಪಾಠಿಗಳು.

ಆಟಗಾರನ ಔದಾರ್ಯವೂ ಪ್ರೇಕ್ಷಕರನ್ನು ಅವಲಂಬಿಸಿದೆ. 1980ರ ಫೆಬ್ರವರಿಯಲ್ಲಿ ಮುಂಬಯಿಯ ವಾಂಖೆಡೆ ಕ್ರೀಡಾಂಗಣದಲ್ಲಿ ಇಂಗ್ಲೆಂಡಿನ ವಿರುದ್ಧ ಸುವರ್ಣ ಮಹೋತ್ಸವ ಟೆಸ್ಟ್ ನಡೆಯಿತು. ಭಾರತದ ನಾಯಕ ನಮ್ಮ ಭದ್ರಾವತಿಯ ಜಿ. ಆರ್. ವಿಶ್ವನಾಥ್. ಇಂಗ್ಲೆಂಡ್ 58 ರನ್ನುಗಳಿಗೆ ಐದು ವಿಕೆಟ್ ಕಳೆದುಕೊಂಡಿತ್ತು. ಬಳಿಕ ಬಂದ ಬಾಬ್ ಟೇಲರ್ ಔಟೆಂದು ತೀರ್ಪುಗಾರರು ಬೆರಳೆತ್ತಿದರು. ಚೆಂಡು ಬ್ಯಾಟಿಗೆ ತಾಗಲಿಲ್ಲವೆಂಬ ಮನವರಿಕೆಯಾಗಿದ್ದ ವಿಶ್ವನಾಥ್, ಟೇಲರ್ ಅವರನ್ನು ಮರಳಿ ಕರೆಸಿದರು. ಟೇಲರ್ ಮತ್ತು ಬೋಥಮ್ ಜೋಡಿ 171 ರನ್ ಕೂಡಿಸಿತು. ಭಾರತ ಹತ್ತು ವಿಕೆಟ್‌ಗಳಿಂದ ಸೋತಿತು. ಇಂದು ನಮ್ಮ ಕಾಲೇಜು ತಂಡದ ನಾಯಕನೊಬ್ಬ ಹೀಗೆ ನಡೆದುಕೊಂಡರೆ ಅವನ ಸಂಗಡಿಗರು ಏನೆನ್ನುವರು? ‘ನಮ್ಮನ್ನು ಮುಳುಗಿಸಿದೆ’ ಎಂಬ ಬೈಗುಳವೇ ಅವನಿಗೆ ಬಹುಮಾನವಾದೀತು. ಆ ಭಯದಿಂದಲೇ ಎಷ್ಟೋ ಮಂದಿ ಸತ್ಯವನ್ನು ಕಂಡೂ ಸುಮ್ಮನಿರುತ್ತಾರೆ.

ನಮ್ಮ ಜಿಲ್ಲೆಗೆ ಹತ್ತಿರದ ಇನ್ನೊಂದು ನಿದರ್ಶನವಿದೆ. ತೋರಣಗಲ್ಲು ಸಮೀಪ 2018ರಲ್ಲಿ ಆರಂಭವಾದ ಇನ್‌ಸ್ಪೈರ್ ಕ್ರೀಡಾ ಸಂಸ್ಥೆಯಲ್ಲಿ ತರಬೇತಿ ಪಡೆದ ನೀರಜ್ ಚೋಪ್ರಾ 2021ರ ಆಗಸ್ಟ್ 7ರಂದು ಟೋಕಿಯೋದಲ್ಲಿ 87.58 ಮೀಟರ್ ದೂರ ಭರ್ಜಿ ಎಸೆದು ಚಿನ್ನದ ಪದಕ ಗೆದ್ದರು. ಅಂತಿಮ ಸ್ಪರ್ಧೆಯ ವೇಳೆ ತಮ್ಮ ಭರ್ಜಿ ಪಾಕಿಸ್ತಾನದ ಅರ್ಷದ್ ನದೀಮ್ ಕೈಯಲ್ಲಿತ್ತೆಂದು ಅವರು ಸಹಜವಾಗಿ ಹೇಳಿದ ಮಾತನ್ನೇ ಹಿಡಿದು ಅಭಿಮಾನಿಗಳೆನಿಸಿಕೊಂಡವರು ನದೀಮರನ್ನು ನಿಂದಿಸತೊಡಗಿದರು. ಅದೇ ತಿಂಗಳು ನೀರಜ್ ಸ್ವತಃ ಮುಂದೆ ಬಂದು, ಒಬ್ಬರ ಭರ್ಜಿಯನ್ನು ಇನ್ನೊಬ್ಬರು ಬಳಸುವುದು ನಿಯಮಕ್ಕೆ ವಿರುದ್ಧವಲ್ಲವೆಂದೂ ತಮ್ಮ ಹೆಸರಿನಲ್ಲಿ ದ್ವೇಷ ಹರಡಬಾರದೆಂದೂ ವಿನಂತಿಸಬೇಕಾಯಿತು. ಗೆದ್ದವನೇ ತನ್ನ ಅಭಿಮಾನಿಗಳನ್ನು ತಿದ್ದಬೇಕಾದ ಪ್ರಸಂಗ!

ಕೋಪವಷ್ಟೇ ಅಲ್ಲ, ಕಟ್ಟಿಲ್ಲದ ಸಂತೋಷವೂ ಅನರ್ಥಕಾರಿ. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ವಿಜಯೋತ್ಸವದ ನೂಕುನುಗ್ಗಲಿನಲ್ಲಿ 11 ಮಂದಿ ಅಸುನೀಗಿದರು. ಅಲ್ಲಿ ವೈರಿಗಳಾರೂ ಇರಲಿಲ್ಲ.

ಅಂತರ್ ಕಾಲೇಜು ಪಂದ್ಯಾವಳಿಯನ್ನು ನಡೆಸುವ ಸಂಸ್ಥೆ ಮಾಡಬಹುದಾದ ಕೆಲಸಗಳು ದೊಡ್ಡವೇನಲ್ಲ. ಅಂಕಣದಿಂದ ಮೂರು ನಾಲ್ಕು ಮೀಟರ್ ದೂರಕ್ಕೆ ಹಗ್ಗ ಕಟ್ಟಿಸಬೇಕು. ಹಲಗೆ, ಪೀಪಿಗಳನ್ನು ಬಾಗಿಲಲ್ಲಿಯೇ ತಡೆಯಬೇಕು. ಪಂದ್ಯಕ್ಕೆ ಮುನ್ನ ದೈಹಿಕ ಶಿಕ್ಷಣದ ಅಧ್ಯಾಪಕರು ಆಟದ ಮುಖ್ಯ ನಿಯಮಗಳನ್ನು ಪ್ರೇಕ್ಷಕರಿಗೂ ತಿಳಿಸಿ ಹೇಳಿದರೆ ಅರ್ಧ ಜಗಳ ಹುಟ್ಟುವುದೇ ಇಲ್ಲ. ತೀರ್ಪಿನ ವಿರುದ್ಧ ಕೂಗುವವರಲ್ಲಿ ನಿಯಮ ಬಲ್ಲವರು ವಿರಳ. ತಕರಾರಿದ್ದರೆ ತಂಡದ ನಾಯಕನೊಬ್ಬನೇ ಮಾತನಾಡಲಿ.

ಕೊನೆಯ ಪಂದ್ಯ ಮುಗಿಯುವ ವೇಳೆಗೆ ಸಾಮಾನ್ಯವಾಗಿ ಹೊತ್ತು ಮುಳುಗಿರುತ್ತದೆ. ಬಳ್ಳಾರಿಯಲ್ಲಿ ಆಡಿದ ಸಿರುಗುಪ್ಪದ ತಂಡವಿರಲಿ, ಸಿರುಗುಪ್ಪದಲ್ಲಿ ಆಡಿದ ಕುರುಗೋಡಿನ ತಂಡವಿರಲಿ, ಪರಊರಿನ ಕತ್ತಲೆಯಲ್ಲಿ ಚೀಲ ಹೊತ್ತು ಬಸ್ ನಿಲ್ದಾಣಕ್ಕೆ ನಡೆಯಬೇಕು. ಆಗ ಆತಿಥೇಯ ಕಾಲೇಜಿನ ನಾಲ್ವರು ವಿದ್ಯಾರ್ಥಿಗಳು ಅವರ ಜೊತೆಗೆ ನಿಲ್ದಾಣದವರೆಗೆ ಹೋಗಿ, ಚಹಾ ಕುಡಿಸಿ, ಬಸ್ಸು ಹೊರಡುವ ತನಕ ನಿಂತು ಬರಬೇಕು.